ಮೇಲೇರಿದ ಎಣ್ಣೆ ಕೆಳಗಿಳಿಯಬೇಕಲ್ಲ

ಇಂಜಿನ್ನಿಗೆ ಎಣ್ಣೆ ಹೆಚ್ಚು ಹರಿದಷ್ಟೂ ಒಳ್ಳೆಯದು ಎಂದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ಆದರೆ ನಿಸಾನ್‌ನ ಆರ್‌ಬಿ26 ಇಂಜಿನ್ನನ್ನು ರೇಸಿಗಾಗಿ ಬಿಚ್ಚಿ ಕಟ್ಟುವವರು ಸಿಲಿಂಡರ್ ಹೆಡ್‌ಗೆ ಎಣ್ಣೆ ಹೋಗುವ ದಾರಿಯನ್ನು ಬೇಕೆಂದೇ ಕಿರಿದು ಮಾಡುತ್ತಾರೆ. ಅದೂ ಯಾಕೆ? ಬೇರಿಂಗ್‌ಗಳಿಗೆ ಎಣ್ಣೆ ಸಾಲದೇ ಹೋಗಬಾರದು ಎಂದು! ಈ ತಿರುಗುಮುರುಗಿನ ಹಿಂದೆ ಒಂದು ಚರಿತ್ರೆಯಿದೆ.

1973ರಲ್ಲಿ ನಿಂತುಹೋಗಿದ್ದ ಸ್ಕೈಲೈನ್ ಜಿಟಿ-ಆರ್ ಹೆಸರನ್ನು ನಿಸಾನ್ 1989ರಲ್ಲಿ ಆರ್32 ಮಾದರಿಯೊಂದಿಗೆ ಮತ್ತೆ ತಂದಿತು. ಗುರಿ ಗ್ರೂಪ್ ಎ ರೇಸುಗಳು. ಟರ್ಬೊ ಇಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸಿ ಅದು ಯಾವ ವರ್ಗಕ್ಕೆ ಸೇರುತ್ತದೆಂದು ನಿರ್ಧರಿಸುವುದು ಅಲ್ಲಿನ ನಿಯಮ. 2568 ಸಿಸಿ ಎಂಬ ವಿಚಿತ್ರ ಅಂಕಿ ಬಂದದ್ದು ಹಾಗೆ; ಗುಣಿಸಿದರೆ ಸುಮಾರು 4366, ಅಂದರೆ 4500ರ ಗೆರೆಯೊಳಗೆ. ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ ಈ ಕಾರು ಓಡಿದ 29 ರೇಸುಗಳಲ್ಲಿ 29ನ್ನೂ ಗೆದ್ದಿತು. ಆಸ್ಟ್ರೇಲಿಯದ ಬಾಥರ್ಸ್ಟ್‌ನಲ್ಲಿ 1991 ಮತ್ತು 1992ರಲ್ಲಿ ಜಿಮ್ ರಿಚರ್ಡ್ಸ್, ಮಾರ್ಕ್ ಸ್ಕೈಫ್ ಜೋಡಿ ಇದೇ ಕಾರಿನಲ್ಲಿ ಗೆದ್ದಿತು. ಅಲ್ಲಿಯ ಪತ್ರಿಕೆಯವರು ಇಟ್ಟ 'ಗಾಡ್ಜಿಲ್ಲಾ' ಎಂಬ ಅಡ್ಡಹೆಸರು ಇವತ್ತಿಗೂ ಉಳಿದಿದೆ.

ಅಂಗಡಿಯಲ್ಲಿ ಮಾರುವಾಗ ಕಂಪನಿ ಹೇಳಿದ್ದು 280 ಅಶ್ವಶಕ್ತಿ. ರೇಸಿನವರೂ ಆಮೇಲೆ ಖಾಸಗಿ ಗ್ಯಾರೇಜಿನವರೂ ಅದೇ ಇಂಜಿನ್ನಿನಿಂದ 500ಕ್ಕೂ ಮೀರಿ ಹಿಂಡಿದರು. ಎಣ್ಣೆಯ ತೊಂದರೆ ಎದ್ದು ಕಂಡದ್ದು ಆಗ.

ಎಣ್ಣೆಯ ಪ್ರಯಾಣ ಹೀಗಿದೆ. ತಳದ ಸಂಪ್‌ನಿಂದ ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಫಿಲ್ಟರ್ ದಾಟಿ ಬ್ಲಾಕಿನ ಮುಖ್ಯ ನಾಳಕ್ಕೆ. ಒಂದು ಪಾಲು ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್‌ಗಳಿಗೆ ಹೋಗುತ್ತದೆ; ಇನ್ನೊಂದು ಪಾಲು ಬ್ಲಾಕಿನ ಮೇಲ್ಮೈಯ ರಂಧ್ರಗಳ ಮೂಲಕ ಹೆಡ್‌ಗೆ ಏರಿ ಕ್ಯಾಮ್‌ಶಾಫ್ಟ್‌ಗಳನ್ನು ನೆನೆಸುತ್ತದೆ. ಆಮೇಲೆ ಬೇರೆ ರಂಧ್ರಗಳಿಂದ ಸಂಪ್‌ಗೆ ಇಳಿಯಬೇಕು. ಹತ್ತುವಾಗ ಪಂಪಿನ ಒತ್ತಡ ಬೆನ್ನಿಗಿದೆ. ಇಳಿಯುವಾಗ ಇರುವುದು ತನ್ನ ತೂಕ ಮಾತ್ರ. ಸಾಲದ್ದಕ್ಕೆ, ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಕ್ಕೆ ನುಸುಳಿದ ಅನಿಲ ಹೊರಹೋಗಲು ಇದೇ ಇಳಿದಾರಿಗಳಲ್ಲಿ ಮೇಲಕ್ಕೆ ನುಗ್ಗುತ್ತದೆ. ಟರ್ಬೊ ಒತ್ತಡ ಏರಿಸಿದಷ್ಟೂ ಈ ಅನಿಲ ಹೆಚ್ಚು.

ಪಂಪ್ ತಿರುಗುವುದು ಕ್ರ್ಯಾಂಕ್‌ಶಾಫ್ಟಿನ ಜೊತೆಗೇ. ಇಂಜಿನ್ ನಿಮಿಷಕ್ಕೆ 8000 ಸುತ್ತು ಮುಟ್ಟಿ ಅಲ್ಲೇ ನಿಂತರೆ, ಹೆಡ್‌ಗೆ ಹತ್ತುವ ಎಣ್ಣೆ ಇಳಿಯುವುದಕ್ಕಿಂತ ಹೆಚ್ಚಾಗುತ್ತದೆ. ಕಾರು ಮುನ್ನುಗ್ಗುವಾಗ ಅದು ಉದ್ದನೆಯ ಹೆಡ್‌ನ ಹಿಂಬದಿಗೆ ಸರಿದು ಮಡುಗಟ್ಟುತ್ತದೆ. ಇತ್ತ ಸಂಪ್ ಬರಿದಾಗಿ, ಉದ್ದನೆಯ ತಿರುವಿನಲ್ಲಿ ಪಂಪ್ ಗಾಳಿ ಹೀರುತ್ತದೆ. ಒಂದೆರಡು ಕ್ಷಣ ಸಾಕು, ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಯಿತು. ಪೆಟ್ಟು ಕೆಳಗೆ, ಕಾರಣ ಮೇಲೆ.

ಹಾಗಾದರೆ ವಿನ್ಯಾಸ ಮಾಡಿದವರಿಗೆ ಇದು ತಿಳಿಯಲಿಲ್ಲವೇ? ಹಾಗೆ ಹೇಳುವುದು ಅನ್ಯಾಯ. ರಸ್ತೆಯ ಕಾರಿನ ಆಯುಷ್ಯದ ಬಹುಪಾಲು ಕಡಿಮೆ ವೇಗದಲ್ಲಿ, ಸಿಗ್ನಲ್ಲುಗಳಲ್ಲಿ ಕಳೆಯುತ್ತದೆ. ಬಿಸಿಯಾದ ತೆಳು ಎಣ್ಣೆ, ನಿಧಾನ ತಿರುಗುವ ಪಂಪ್, ಕಡಿಮೆ ಒತ್ತಡ: ಆಗಲೂ ಕ್ಯಾಮ್‌ಶಾಫ್ಟಿಗೆ ಎಣ್ಣೆ ಮುಟ್ಟಬೇಕು. ಕ್ಯಾಮ್‌ಶಾಫ್ಟ್ ತಿರುಗುವುದು ನೇರವಾಗಿ ಹೆಡ್‌ನ ಅಲ್ಯೂಮಿನಿಯಂ ಮೈಯಲ್ಲೇ. ಬದಲಾಯಿಸಬಲ್ಲ ಬೇರಿಂಗ್ ಅಲ್ಲಿಲ್ಲ. ಒಣಗಿ ಕಚ್ಚಿಕೊಂಡರೆ ಹೆಡ್ಡೇ ಕೆಡುತ್ತದೆ. ದಾರಿ ಅಗಲವಾಗಿದ್ದದ್ದು ಈ ಭಯಕ್ಕೆ. ರೇಸಿನವರು ಕೇಳಿದ ಪ್ರಶ್ನೆ ಬೇರೆ, ಉತ್ತರವೂ ಬೇರೆ.

ಆ ಉತ್ತರ ರೂಢಿಯಾಗಿ ನೆಲೆಯೂರಿದೆ. ಬ್ಲಾಕಿನ ಮೇಲ್ಮೈಯ ರಂಧ್ರಗಳಿಗೆ 1ರಿಂದ 1.5 ಮಿ.ಮೀ. ತೂತಿನ ಸಣ್ಣ ಬಿರಡೆಗಳನ್ನು ಹಾಕುತ್ತಾರೆ. ಲೆಕ್ಕ ಸರಳ: ತೂತಿನ ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಹಾಗಾಗಿ ಕಾಲು ಮಿಲಿಮೀಟರಿನ ವ್ಯತ್ಯಾಸವೂ ಇಲ್ಲಿ ದೊಡ್ಡದು. ಇಳಿದಾರಿಗಳಲ್ಲಿ ಎರಕದಿಂದ ಉಳಿದ ಅಂಚುಗಳನ್ನು ಉಜ್ಜಿ ನಯಮಾಡಿ ಅಗಲಿಸುತ್ತಾರೆ. ಹೆಡ್‌ನ ಹಿಂಬದಿಯಿಂದ ಸಂಪ್‌ಗೆ ಹೊರಗಡೆಯೇ ಒಂದು ಕೊಳವೆ ಎಳೆಯುತ್ತಾರೆ. ಸಂಪನ್ನು ಹಿಗ್ಗಿಸಿ ಒಳಗೆ ಅಡ್ಡಗೋಡೆ ಕೂರಿಸುತ್ತಾರೆ. ಬಿರಡೆಯೊಂದನ್ನೇ ಹಾಕಿ ಇಳಿದಾರಿಯನ್ನು ಮರೆತರೆ ಅರ್ಧ ಕೆಲಸ. ಅತಿಯಾದರೆ ಅಮೃತವೂ ವಿಷ, ನಿಜ. ಆದರೆ ಬಿರಡೆಯ ಅತಿಯೂ ಅತಿಯೇ. ಇದೇ ಕುಟುಂಬದ ಆರ್‌ಬಿ25 ಇಂಜಿನ್ನಿನ ಹೈಡ್ರಾಲಿಕ್ ಲಿಫ್ಟರ್‌ಗಳು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುತ್ತವೆ. 26ರ ಅಳತೆಯನ್ನು ಅಲ್ಲಿಗೆ ಕಣ್ಣುಮುಚ್ಚಿ ಒಯ್ಯುವಂತಿಲ್ಲ.

ಈ ವಿದ್ಯೆ ಆಸ್ಟ್ರೇಲಿಯದಲ್ಲಿ ಇನ್ನೊಂದು ತಿರುವು ಪಡೆಯಿತು. 1986ರಲ್ಲಿ ಅಲ್ಲಿ ಸೀಸರಹಿತ ಪೆಟ್ರೋಲ್ ಕಡ್ಡಾಯವಾದಾಗ, ಹೋಲ್ಡನ್ ತನ್ನ ಹಳೆಯ ಆರು ಸಿಲಿಂಡರಿನ ಇಂಜಿನ್ ಬಿಟ್ಟು ನಿಸಾನ್‌ನ ಮೂರು ಲೀಟರ್ ಆರ್‌ಬಿ30ಯನ್ನು ವಿಎಲ್ ಕಮೊಡೋರ್ ಕಾರಿಗೆ ಹಾಕಿತು. ಅದರ ಸಿಲಿಂಡರ್ ವ್ಯಾಸವೂ 26ರಂತೆ 86 ಮಿ.ಮೀ. ಈ ದೊಡ್ಡ ಬ್ಲಾಕಿನ ಮೇಲೆ ಎರಡು ಕ್ಯಾಮ್‌ಶಾಫ್ಟಿನ ಹೆಡ್ ಕೂರಿಸುವುದು ಅಲ್ಲಿಯ ಗ್ಯಾರೇಜುಗಳ ಹೆಮ್ಮೆಯಾಯಿತು. ಆದರೆ ಆ ಬ್ಲಾಕ್ ಎರಕಗೊಂಡದ್ದು ಒಂದೇ ಕ್ಯಾಮ್‌ಶಾಫ್ಟಿನ ಹೆಡ್‌ಗೆ. ಎಣ್ಣೆಯ ಏರುದಾರಿ, ಇಳಿದಾರಿ ಎರಡನ್ನೂ ಕಟ್ಟುವವನೇ ಹೊಂದಿಸಬೇಕು. ಕವಾಟದ ಸಮಯ ಬದಲಿಸುವ ವ್ಯವಸ್ಥೆಯಿರುವ ಆರ್‌ಬಿ25 ಹೆಡ್ ಆದರೆ ಅದಕ್ಕೆ ಹೊರಗಿನಿಂದ ಬೇರೆ ಎಣ್ಣೆ ಕೊಳವೆ ಕೊಡಬೇಕು.

ಇಂಥ ಜೋಡಿಗೆ ಕಾರ್ಖಾನೆಯ ನಕ್ಷೆ ಇಲ್ಲ. ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲಿಟ್ಟು, ಆಮೇಲೆ ಹೆಡ್‌ಗೆ ಹಿಡಿದು, ಒಂದೊಂದೇ ರಂಧ್ರ ನೋಡಬೇಕು. ಕೊರೆದ ಮೇಲೆ ನಾಳಗಳ ತುದಿಯ ಮುಚ್ಚಳ ತೆಗೆದು, ಬ್ರಷ್ ಹಾಕಿ ತೊಳೆಯಬೇಕು. ಒಳಗೆ ಉಳಿದ ಒಂದು ಲೋಹದ ಚೂರು ಸಾಕು, ಇಷ್ಟೆಲ್ಲ ಮಾಡಿ ಉಳಿಸಿಕೊಳ್ಳಲು ಹೊರಟ ಬೇರಿಂಗನ್ನೇ ತಿಂದುಹಾಕಲು.