ಅರಣ್ಯನಾಶಮುಕ್ತ ಸರಕು ನಿಯಮ (ಐರೋಪ್ಯ ಒಕ್ಕೂಟ)

ಕಾಡು ಕಡಿದು ಬೆಳೆದ ಸರಕು ತನ್ನ ಮಾರುಕಟ್ಟೆಗೆ ಬಾರದಂತೆ ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ರೂಪಿಸಿದ ಕಾನೂನು. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನ ಇದರ ವ್ಯಾಪ್ತಿಯಲ್ಲಿವೆ.

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಫಸಲಿಗೆ ಪ್ರವೇಶವಿಲ್ಲ. ಆಮದುದಾರ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು. ತೋಟ 4 ಹೆಕ್ಟೇರ್ ಮೀರಿದರೆ ಒಂದು ಬಿಂದು ಸಾಲದು, ಗಡಿರೇಖೆಯೇ ಬೇಕು.

ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕಾಫಿ ಬೆಳೆಯುವುದು ಮರದ ನೆರಳಲ್ಲಿ. ಉಪಗ್ರಹದ ಕಣ್ಣಿಗೆ ತೋಟ ಯಾವುದು, ಕಾಡು ಯಾವುದು ಎಂಬುದೇ ಗೊಂದಲ. ಸಣ್ಣ ಬೆಳೆಗಾರರ ಫಸಲು ವ್ಯಾಪಾರಿಯ ಗೋದಾಮಿನಲ್ಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೆರೆತುಹೋಗುವುದರಿಂದ ಮೂಲ ಪತ್ತೆಹಚ್ಚುವುದು ಇನ್ನೂ ದೊಡ್ಡ ತಲೆನೋವು. ಬೆಂಗಳೂರಿನ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಆ್ಯಪ್ ತಂದಿದೆ.

ತಪ್ಪಿತಸ್ಥ ಕಂಪನಿಗೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ, ಒಕ್ಕೂಟದೊಳಗಿನ ಅದರ ವಾರ್ಷಿಕ ವಹಿವಾಟಿನ ಶೇ. 4ಕ್ಕಿಂತ ಕಡಿಮೆ ಇರುವಂತಿಲ್ಲ. ಅನ್ವಯದ ದಿನಾಂಕ ಮಾತ್ರ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದೆ.