ಸೀಸದ ಹೆಸರಿನಲ್ಲಿ ಬಂದ ಆಂಟಿಮನಿ: ಆಮದು ಸುಂಕದ ವರ್ಗೀಕರಣ ಮತ್ತು ಪಶ್ಚಿಮ ಬೆಂಗಳೂರಿನ ಸಣ್ಣ ಕೈಗಾರಿಕೆ

ಆಂಟಿಮನಿಯು ಬೆಳ್ಳಿಯ ಬಣ್ಣದ, ಹೊಳಪುಳ್ಳ, ಆದರೆ ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುವ ಲೋಹ. ಈ ಪೆಡಸುತನದಿಂದಾಗಿ ಅದನ್ನು ಒಂಟಿಯಾಗಿ ಬಳಸುವುದು ವಿರಳವಾಗಿದ್ದು, ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮೆತ್ತನೆಯ ಸೀಸಕ್ಕೆ ಬೆರೆಸಿ ಗಡಸುತನ ತರಲು ಅದನ್ನು ಹೆಚ್ಚಾಗಿ ಉಪಯೋಗಿಸಲಾಯಿತು. ಮುದ್ರಣದ ಅಚ್ಚುಮೊಳೆ, ಬ್ಯಾಟರಿಯ ಸೀಸದ ಜಾಲರಿ, ಯಂತ್ರಗಳ ಬೇರಿಂಗ್ ಇವೆಲ್ಲವೂ ಇಂತಹ ಬೆರಕೆಯಿಂದ ಆದವು. ಆಮದು ಸುಂಕದ ಪಟ್ಟಿಯಲ್ಲಿ ಆಂಟಿಮನಿಗೆ ತನ್ನದೇ ಶೀರ್ಷಿಕೆಯಿದ್ದರೂ, ಸಣ್ಣ ಕಾರ್ಖಾನೆಗಳನ್ನು ತಲುಪಿದ ಆಂಟಿಮನಿಯ ಬಹುಪಾಲನ್ನು ಸೀಸದ ಶೀರ್ಷಿಕೆಯಡಿಯಲ್ಲೇ ಹುಡುಕಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಕರ್ನಾಟಕದ ಚಿತ್ರದುರ್ಗ ಸೀಮೆಯಲ್ಲಿ ಆಂಟಿಮನಿಯ ಮುಖ್ಯ ಅದಿರಾದ ಸ್ಟಿಬ್ನೈಟ್ ಇರುವುದನ್ನು ಭೂವಿಜ್ಞಾನಿಗಳು ಹಿಂದೆಯೇ ಗುರುತಿಸಿದ್ದರೂ, ಅದು ಉದ್ಯಮಕ್ಕೆ ಆಧಾರವಾಗುವಷ್ಟು ದೊಡ್ಡ ನಿಕ್ಷೇಪವಾಗಿರಲಿಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿಯಲ್ಲಿ ನಡೆದ ಆಂಟಿಮನಿ ಶುದ್ಧೀಕರಣವೂ ಹೊರದೇಶದ ಅದಿರನ್ನೇ ನಂಬಿಕೊಂಡಿತ್ತು. ದೇಶೀ ಉದ್ಯಮವನ್ನು ಕಾಪಾಡಲೆಂದು ಆಮದಾಗುವ ಲೋಹದ ಮೇಲೆ ಹೆಚ್ಚಿನ ತೆರಿಗೆ ಹಾಕುವ ‘ರಕ್ಷಣಾ ಸುಂಕ’ವನ್ನು ಆಂಟಿಮನಿಯ ಮೇಲೂ ವಿಧಿಸಲಾಗಿತ್ತು.

ಈ ಕಾಲದಲ್ಲೇ ಪಶ್ಚಿಮ ಬೆಂಗಳೂರು ಕೈಗಾರಿಕಾ ನೆಲೆಯಾಗಿ ರೂಪುಗೊಂಡಿತು. 1949ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಬುನಾದಿ ಬಿದ್ದಿತು; ಈಗ ವಿಜಯನಗರದಲ್ಲಿ ಕಚೇರಿ ಹೊಂದಿರುವ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ, ಅಂದರೆ ಕಾಸಿಯಾ, ಹುಟ್ಟಿದ್ದೂ ಅದೇ ವರ್ಷ. ಇಂತಹ ಬಡಾವಣೆಗಳ ಸಣ್ಣ ಮುದ್ರಣಾಲಯ, ಎರಕದ ಮನೆ, ಬ್ಯಾಟರಿ ಅಂಗಡಿಗಳಿಗೆ ಬೇಕಾಗಿದ್ದುದು ಶುದ್ಧ ಆಂಟಿಮನಿಯ ಗಟ್ಟಿಯಲ್ಲ, ಆಂಟಿಮನಿ ಬೆರೆತು ಗಡಸಾದ ಸೀಸ.

ಸುಂಕದ ಕಾನೂನು 1894 ಮತ್ತು 1934ರ ಭಾರತೀಯ ಟ್ಯಾರಿಫ್ ಕಾಯ್ದೆಗಳನ್ನು ದಾಟಿ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಗೆ ಬಂದಾಗ, ಬ್ರಸೆಲ್ಸ್‌ನಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ವರ್ಗೀಕರಣವು ಅದಕ್ಕೆ ಚೌಕಟ್ಟಾಯಿತು. ಆ ಚೌಕಟ್ಟಿನಲ್ಲಿ ಆಂಟಿಮನಿಯು ‘ಇತರ ಲೋಹಗಳು’ ಎಂಬ 81.04ನೆಯ ಶೀರ್ಷಿಕೆಯ ಗುಂಪಿನಲ್ಲಿತ್ತು. ಸರಕುಗಳಿಗೆ ಜಗತ್ತಿನಾದ್ಯಂತ ಒಂದೇ ಸಂಕೇತ ಸಂಖ್ಯೆ ನೀಡುವ ಹಾರ್ಮೊನೈಸ್ಡ್ ಸಿಸ್ಟಮ್ ಅನ್ನು ಭಾರತವು 1986ರಲ್ಲಿ ಅಳವಡಿಸಿಕೊಂಡಾಗ ಆಂಟಿಮನಿಗೆ 8110 ಎಂಬ ಸ್ವಂತ ಶೀರ್ಷಿಕೆ ದೊರಕಿತು. ಲೋಹ ಮತ್ತು ಗುಜರಿ ಬೇರೆಯಾದದ್ದು ಇನ್ನೂ ತಡವಾಗಿ: 2002ರ ಅಂತರರಾಷ್ಟ್ರೀಯ ಪರಿಷ್ಕರಣೆಯಲ್ಲಿ ಗಟ್ಟಿ ಮತ್ತು ಪುಡಿಗೆ 8110 10, ಗುಜರಿಗೆ 8110 20, ಉಳಿದವುಗಳಿಗೆ 8110 90 ಎಂಬ ಉಪಶೀರ್ಷಿಕೆಗಳು ಬಂದವು, 2003ರಲ್ಲಿ ಭಾರತವು ಎಂಟು ಅಂಕಿಗಳ ಸಂಕೇತಕ್ಕೆ ಹೊರಳಿತು. ಅದಿರಿಗೆ 2617, ಆಕ್ಸೈಡಿಗೆ 2825 ಎಂಬ ಬೇರೆ ಶೀರ್ಷಿಕೆಗಳಿವೆ.

ಬೆರಕೆ ಲೋಹಗಳ ವಿಷಯದಲ್ಲಿ ಮಾತ್ರ ನಿಯಮ ಬೇರೆ. ಯಾವ ಲೋಹ ತೂಕದಲ್ಲಿ ಉಳಿದ ಪ್ರತಿಯೊಂದು ಲೋಹಕ್ಕಿಂತಲೂ ಹೆಚ್ಚೋ, ಬೆರಕೆಯನ್ನು ಆ ಲೋಹದ ಅಧ್ಯಾಯಕ್ಕೇ ಸೇರಿಸಬೇಕೆಂದು ಟ್ಯಾರಿಫ್‌ನ ಹದಿನೈದನೆಯ ವಿಭಾಗದ ಟಿಪ್ಪಣಿ ವಿಧಿಸುತ್ತದೆ. ಮುದ್ರಣದ ಅಚ್ಚು ಎರೆಯುವ ಲೈನೊಟೈಪ್ ಯಂತ್ರದ ಲೋಹದಲ್ಲಿ ನೂರಕ್ಕೆ ಸುಮಾರು 11-12 ಪಾಲು ಆಂಟಿಮನಿ, 4 ಪಾಲು ತವರ ಇದ್ದು ಮಿಕ್ಕದ್ದು ಸೀಸವಾದ್ದರಿಂದ, ಅದು ಸೀಸದ 78ನೆಯ ಅಧ್ಯಾಯಕ್ಕೆ ಸೇರುತ್ತದೆ. ಗುಣಿತಾಕ್ಷರ, ಒತ್ತಕ್ಷರಗಳಿಗೆಲ್ಲ ಪ್ರತ್ಯೇಕ ತುಂಡುಗಳು ಬೇಕಾಗಿದ್ದ ಕನ್ನಡದ ಮುದ್ರಣಾಲಯದಲ್ಲಿ ಮೊಳೆಗಳ ದಾಸ್ತಾನು ದೊಡ್ಡದಾಗಿತ್ತು. ಅಂಚು ಸವೆದ ಮೊಳೆಗಳನ್ನು ಕರಗಿಸಿ, ಮೇಲೆ ತೇಲುವ ಕಿಟ್ಟವನ್ನು ತೆಗೆದು, ಹೊಸ ಲೋಹ ಬೆರೆಸಿ ಮತ್ತೆ ಎರಕ ಹೊಯ್ಯಲಾಗುತ್ತಿತ್ತು. ಸುಂಕದ ದೃಷ್ಟಿಯಲ್ಲಿ ಇಂತಹ ಸವೆದ ಮೊಳೆಯ ರಾಶಿ ಆಂಟಿಮನಿ ಗುಜರಿಯಲ್ಲ, 7802ರಲ್ಲಿ ಬರುವ ಸೀಸದ ಗುಜರಿ.

ಸೀಸದ ಅಧ್ಯಾಯದೊಳಗೂ ಆಂಟಿಮನಿಯ ಪ್ರಮಾಣವೇ ಗಡಿ ಹಾಕುತ್ತದೆ. 7801 10ರ ‘ಶುದ್ಧೀಕರಿಸಿದ ಸೀಸ’ ಎನಿಸಿಕೊಳ್ಳಲು ಶೇ 99.9ರಷ್ಟಾದರೂ ಸೀಸವಿರಬೇಕು, ಆಂಟಿಮನಿ ಶೇ 0.005ನ್ನು ಮೀರಬಾರದು, ಅಂದರೆ ಒಂದು ಟನ್ನಿನಲ್ಲಿ 50 ಗ್ರಾಂ ಮಾತ್ರ. ಸೀಸವಲ್ಲದ ಲೋಹಗಳ ಪೈಕಿ ಆಂಟಿಮನಿಯೇ ಪ್ರಧಾನವಾಗಿದ್ದರೆ ಆ ಗಟ್ಟಿ 7801 91ಕ್ಕೆ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಒಳನಾಡು ಕಂಟೇನರ್ ಡಿಪೋ ಆರಂಭವಾಗಿ, ಬಂದರಿನ ತಪಾಸಣೆ ಊರಿನಲ್ಲೇ ನಡೆಯುವಂತಾದ ಮೇಲೂ ಇಂತಹ ಸರಕಿಗೆ ಪ್ರಯೋಗಾಲಯದ ವರದಿ ನಿರ್ಣಾಯಕವಾಗಿಯೇ ಉಳಿಯಿತು, ಏಕೆಂದರೆ ಎರಡು ಬಗೆಯ ಗಟ್ಟಿಗಳನ್ನು ಕಣ್ಣಳತೆಯಿಂದ ಬೇರ್ಪಡಿಸಲಾಗದು.

ಗುಜರಿಯ ಪ್ರಶ್ನೆ ಸುಂಕಕ್ಕಷ್ಟೇ ಮುಗಿಯುವುದಿಲ್ಲ. ಅಪಾಯಕಾರಿ ತ್ಯಾಜ್ಯದ ಸಾಗಣೆ ಕುರಿತ 1989ರ ಬಾಸೆಲ್ ಒಪ್ಪಂದವು ಆಂಟಿಮನಿಯ ತ್ಯಾಜ್ಯವನ್ನು ಅಪಾಯಕಾರಿ ಪಟ್ಟಿಯಲ್ಲಿಟ್ಟು, ಕಲಬೆರಕೆಯಿಲ್ಲದ, ತುಂಡು ರೂಪದ ಶುಚಿಯಾದ ಗುಜರಿಯನ್ನು ಮಾತ್ರ ಬೇರೆ ಪಟ್ಟಿಗೆ ಸೇರಿಸಿತು. ಹಳೆಯ ಸೀಸ-ಆಮ್ಲ ಬ್ಯಾಟರಿಗಳನ್ನು ಸೀಸದ ಗುಜರಿಯೆಂದು ತೋರಿಸುವಂತಿಲ್ಲ. 8548ರಲ್ಲಿದ್ದ ಅವು 2022ರ ಪರಿಷ್ಕರಣೆಯ ನಂತರ 8549ಕ್ಕೆ ಬಂದಿವೆ.

2023ರಲ್ಲಿ ಕೇಂದ್ರ ಸರ್ಕಾರವು 30 ನಿರ್ಣಾಯಕ ಖನಿಜಗಳ ಪಟ್ಟಿಗೆ ಆಂಟಿಮನಿಯನ್ನು ಸೇರಿಸಿತು. 2024ರಲ್ಲಿ ಚೀನಾ ತನ್ನ ಆಂಟಿಮನಿ ರಫ್ತಿಗೆ ನಿರ್ಬಂಧ ಹೇರಿತು. 2025ರ ಬಜೆಟ್ ಸೀಸದ ಗುಜರಿಯ ಮೇಲಿನ ಮೂಲ ಸುಂಕವನ್ನು ತೆಗೆಯಿತು. ಹೀಗೆ ಲೋಹದ ಮಹತ್ವ ಹೆಚ್ಚಿರುವಾಗಲೂ, ದೇಶಕ್ಕೆ ಎಷ್ಟು ಆಂಟಿಮನಿ ಬರುತ್ತಿದೆಯೆಂದು 8110ರ ಅಂಕಿಗಳಿಂದಷ್ಟೇ ಲೆಕ್ಕ ಹಾಕುವವರು 7801 91 ಮತ್ತು 7802ರ ಸರಕಿನೊಳಗೆ ಬೆರೆತು ಬರುವ ಪಾಲನ್ನು ಬಿಟ್ಟುಬಿಡುತ್ತಾರೆ. ಆ ಪಾಲನ್ನೂ ಕೂಡಿಸಿದಾಗಲೇ ರಾಜಾಜಿನಗರದಂತಹ ನೆಲೆಗಳ ಸಣ್ಣ ಕೈಗಾರಿಕೆ ಈ ಲೋಹವನ್ನು ಎಷ್ಟು ನೆಚ್ಚಿಕೊಂಡಿತ್ತು ಎಂಬುದರ ಅಂದಾಜು ಸಿಗುತ್ತದೆ.