ಲೆಕ್ಕ ಬರೆಯುವವರೂ ಲೆಕ್ಕ ಓದುವವರೂ

ಆಡಿಟ್ ಕೆಲಸದಲ್ಲಿ ಎಂಟು-ಹತ್ತು ವರ್ಷ ಪಳಗಿದ ಸಿಎ ಒಬ್ಬರು ಅಮೆರಿಕದಲ್ಲಿ ಲೆಕ್ಕಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕಲು ಕೂತರೆ ಮೊದಲು ಎದುರಾಗುವುದು ಗೊಂದಲ. ಟ್ರಯಲ್ ಬ್ಯಾಲೆನ್ಸ್ ತಾಳೆ ಹಾಕಿದ ಅನುಭವಕ್ಕೆ ಅಲ್ಲಿ ಒಂದು ಸಾಲಿನ ಜಾಗ ಸಿಕ್ಕರೆ ಹೆಚ್ಚು. ಕಲನಶಾಸ್ತ್ರ ಓದಿದ್ದೀರಾ, ಲೀನಿಯರ್ ಆಲ್ಜೀಬ್ರಾದಲ್ಲಿ ಎಷ್ಟು ಅಂಕ, ಸಂಖ್ಯಾಶಾಸ್ತ್ರ ಗೊತ್ತೇ, ಜಿಮ್ಯಾಟ್‌ನ ಗಣಿತ ವಿಭಾಗದಲ್ಲಿ ಎಷ್ಟು ಬಂತು ಎಂದೇ ವಿಚಾರಣೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ತೆಗೆದುಕೊಂಡು, ಶುಲ್ಕ ಮನ್ನಾ ಮಾಡಿ, ಮೇಲೆ ಸ್ಟೈಪೆಂಡ್ ಕೊಟ್ಟು ಓದಿಸುವ ವಿಭಾಗಗಳು ಇವು. ಆರಿಸುವಾಗ ಅಳೆದು ತೂಗುವುದು ಸಹಜ. ಆದರೆ ಲೆಕ್ಕ ಗೊತ್ತಿದ್ದವರನ್ನು ಬಿಟ್ಟು ಗಣಿತ ಗೊತ್ತಿದ್ದವರನ್ನು ಹುಡುಕುವುದೇಕೆ? ನನ್ನ ವಾದವಿಷ್ಟು: ಲೆಕ್ಕಶಾಸ್ತ್ರದ ಡಾಕ್ಟರೇಟು ಲೆಕ್ಕ ಬರೆಯುವ ಕಸುಬಿನ ಮೇಲಿನ ಮೆಟ್ಟಿಲಾಗಿ ಬೆಳೆದು ಬಂದದ್ದಲ್ಲ. ವಿಶ್ವವಿದ್ಯಾಲಯದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಈ ವಿಷಯ ನಡೆಸಿದ ಅರ್ಧ ಶತಮಾನದ ಹೋರಾಟದ ಫಲ ಅದು. ಅರ್ಜಿಯ ಒಂದೊಂದು ಕಲಮಿನಲ್ಲೂ ಆ ಹೋರಾಟದ ಗುರುತಿದೆ.

ಲೆಕ್ಕಕ್ಕೆ ಪದವಿ ಬೇಕೆಂದು ಶತಮಾನಗಟ್ಟಲೆ ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಶಾಸನಗಳ ಸೇನಬೋವನೇ ಮುಂದೆ ಶಾನುಭೋಗನಾದ. ತಂದೆಯ ಪಕ್ಕ ಕೂತು ಕಲಿತದ್ದೇ ಅವನ ಓದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಪುಸ್ತಕದಂತೆ ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಕಡತ ಅವನ ಲೆಡ್ಜರು. ಬರೆದದ್ದನ್ನು ಅಳಿಸಿ ಮತ್ತೆ ಸರಿ ಬಳಿಯಬಹುದಿತ್ತು. ಈಗಿನ ಆಡಿಟರುಗಳಿಗೆ ಅಷ್ಟೇನೂ ಹಿಡಿಸದ ಅನುಕೂಲ. (ಬಟ್ಟೆ ಹೋದರೂ ಹೆಸರು ಉಳಿದು, ಸರ್ಕಾರಿ ಕಚೇರಿಯ ಫೈಲು ಇಂದಿಗೂ ಕಡತವೇ.) ಯೂರೋಪಿನ ಕಥೆಯೂ ತೀರ ಬೇರೆಯಲ್ಲ. ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಜೋಡಿ ನಮೂದಿನ ಪದ್ಧತಿ ಒಂದು ಭಾಗ ಮಾತ್ರ. ಅವನು ವರ್ತಕರು ಆಗಲೇ ರೂಢಿಸಿಕೊಂಡಿದ್ದನ್ನು ಬರೆದಿಟ್ಟ. 1854ರಲ್ಲಿ ಎಡಿನ್‌ಬರೋದ ಲೆಕ್ಕಿಗರಿಗೆ ರಾಜಸನ್ನದು ಸಿಕ್ಕಾಗಲೂ ಕಲಿಕೆಯ ಬೆನ್ನೆಲುಬು ಹಿರಿಯರ ಕೈಕೆಳಗಿನ ಆರ್ಟಿಕಲ್‌ಶಿಪ್ಪೇ. ಸ್ವತಂತ್ರ ಭಾರತ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಲ್ಲಿ ಒಪ್ಪಿಕೊಂಡದ್ದೂ ಇದೇ ದಾರಿಯನ್ನು.

ಅಮೆರಿಕದಲ್ಲಿ ಲೆಕ್ಕ ವಿಶ್ವವಿದ್ಯಾಲಯದೊಳಕ್ಕೆ ಕಾಲಿಟ್ಟದ್ದೇ ತಂಟೆಗೆ ಕಾರಣವಾಯಿತು. ಕಾಲೇಜಿನಲ್ಲಿ ಜಮಾ-ಖರ್ಚು ಕಲಿಸುವವರನ್ನು ಗ್ರೀಕ್, ತತ್ವಶಾಸ್ತ್ರ, ಭೌತಶಾಸ್ತ್ರದ ಅಧ್ಯಾಪಕರು ಕರೆಯದೇ ಬಂದ ನೆಂಟರಂತೆ ಕಂಡರು. ಬರ್ಕ್ಲಿಯ ಹೆನ್ರಿ ರ‍್ಯಾಂಡ್ ಹ್ಯಾಟ್‌ಫೀಲ್ಡ್ 1923ರಲ್ಲಿ ಲೆಕ್ಕದ ಅಧ್ಯಾಪಕರ ಸಂಘದಲ್ಲಿ ಮಾಡಿದ ಭಾಷಣ ಈ ಅವಮಾನಕ್ಕೆ ಕೊಟ್ಟ ಉತ್ತರ. ಇತಿಹಾಸವನ್ನೇ ಸಾಕ್ಷಿಗೆ ಕರೆದು, ಪಚೋಲಿಯಂಥ ವಿದ್ವಾಂಸ ನಮ್ಮ ಮೂಲಪುರುಷ, ನಾವು ಕುಲಗೆಟ್ಟವರಲ್ಲ ಎಂದು ಅವರು ವಾದಿಸಿದರು. ಹಾಸ್ಯದ ಧಾಟಿಯ ಭಾಷಣವೇ, ಆದರೆ ಒಳಗಿನ ನೋವು ಅಡಗುವುದಿಲ್ಲ. ಅವರ ಡಾಕ್ಟರೇಟಾದರೂ ಲೆಕ್ಕದಲ್ಲಿ ಬಂದದ್ದಲ್ಲ. 1897ರಲ್ಲಿ ಚಿಕಾಗೋದಲ್ಲಿ ಅರ್ಥಶಾಸ್ತ್ರದಲ್ಲಿ ಪಡೆದದ್ದು. ಆ ತಲೆಮಾರಿನ ವಿಲಿಯಂ ಪೇಟನ್, ಎ. ಸಿ. ಲಿಟಲ್‌ಟನ್ ಕೂಡ ಅರ್ಥಶಾಸ್ತ್ರದ ಬಾಗಿಲಿನಿಂದಲೇ ಒಳಗೆ ಬಂದವರು. ಲೆಕ್ಕಶಾಸ್ತ್ರದ ಹೆಸರಿನಲ್ಲೇ ಅಮೆರಿಕದ ಮೊದಲ ಪಿಎಚ್‌ಡಿ ಸಿಕ್ಕದ್ದು 1939ರಲ್ಲಿ, ಲಿಟಲ್‌ಟನ್ ಪಾಠ ಹೇಳುತ್ತಿದ್ದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ.

ನಿಜವಾದ ತಿರುವು ಬಂದದ್ದು 1959ರಲ್ಲಿ. ಅಮೆರಿಕದ ಬಿಸಿನೆಸ್ ಸ್ಕೂಲುಗಳ ಬಗ್ಗೆ ಆ ವರ್ಷ ಎರಡು ವರದಿಗಳು ಹೊರಬಂದವು: ಫೋರ್ಡ್ ಪ್ರತಿಷ್ಠಾನಕ್ಕಾಗಿ ಗಾರ್ಡನ್ ಮತ್ತು ಹೊವೆಲ್ ಬರೆದದ್ದೊಂದು, ಕಾರ್ನೆಗಿ ನೆರವಿನಲ್ಲಿ ಪಿಯರ್ಸನ್ ಬರೆದದ್ದು ಇನ್ನೊಂದು. ಕಸುಬು ಕಲಿಸುವುದನ್ನು ಕಡಿಮೆ ಮಾಡಿ, ಗಣಿತ ಮತ್ತು ಸಮಾಜ ವಿಜ್ಞಾನಗಳನ್ನು ತನ್ನಿ ಎಂಬುದು ಎರಡರ ಸಾರ. ಮರುವರ್ಷ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ನ್ಯೂಯಾರ್ಕ್ ಷೇರುಪೇಟೆಯ 1926ರಿಂದೀಚಿನ ಬೆಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಆರಂಭವಾಯಿತು. ಆಸ್ಟ್ರೇಲಿಯದಿಂದ ಅಲ್ಲಿಗೆ ಬಂದಿದ್ದ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಅದನ್ನು ಬಳಸಿಕೊಂಡ ಬಗೆ ನೋಡಬೇಕು. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸುವ 261 ಕಂಪನಿಗಳನ್ನು ಆರಿಸಿ, 1957ರಿಂದ 1965ರವರೆಗಿನ ಅವುಗಳ ಲಾಭದ ಅಂಕಿಗಳನ್ನು ಕಲೆಹಾಕಿ, ಪ್ರತಿ ಕಂಪನಿ ಲಾಭ ಪ್ರಕಟಿಸಿದ ದಿನವನ್ನು ವಾಲ್ ಸ್ಟ್ರೀಟ್ ಜರ್ನಲ್ಲಿನಿಂದ ಹೆಕ್ಕಿದರು. ನಿರೀಕ್ಷೆಗಿಂತ ಹೆಚ್ಚು ಲಾಭ ತೋರಿಸಿದವು ಒಂದು ಗುಂಪು, ಕಡಿಮೆ ತೋರಿಸಿದವು ಇನ್ನೊಂದು. ಪ್ರಕಟಣೆಗೆ ಹನ್ನೆರಡು ತಿಂಗಳ ಹಿಂದಿನಿಂದ ಎರಡೂ ಗುಂಪಿನ ಷೇರುಗಳ ಗತಿಯನ್ನು ಗೆರೆ ಎಳೆದು ನೋಡಿದರೆ, ಒಂದು ಗೆರೆ ಮೇಲಕ್ಕೆ, ಒಂದು ಕೆಳಕ್ಕೆ, ಕತ್ತರಿ ಬಾಯಿ ತೆರೆದಂತೆ. ಲಾಭದ ಅಂಕಿ ಬಂಡವಾಳದಾರರಿಗೆ ಅರ್ಥಪೂರ್ಣವೇ. ಆದರೆ ವಾರ್ಷಿಕ ವರದಿ ಕೈಸೇರುವ ಹೊತ್ತಿಗೆ ಅದರ ಸುದ್ದಿಯ ಶೇ. 85ರಿಂದ 90ರಷ್ಟು ಪೇಟೆಗೆ ಬೇರೆ ದಾರಿಗಳಿಂದ ತಲುಪಿರುತ್ತದೆ ಎಂದು ಅವರು ತೋರಿಸಿದರು. ‘ದ ಅಕೌಂಟಿಂಗ್ ರಿವ್ಯೂ’ ಪತ್ರಿಕೆ ಈ ಪ್ರಬಂಧವನ್ನು ಒಪ್ಪಲಿಲ್ಲ. 1968ರಲ್ಲಿ ಚಿಕಾಗೋದ್ದೇ ಆದ ‘ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್’ ಅಚ್ಚು ಹಾಕಿತು. ತಿರಸ್ಕರಿಸಿದ ಪತ್ರಿಕೆಯನ್ನು ನಡೆಸುವ ಅಮೆರಿಕನ್ ಅಕೌಂಟಿಂಗ್ ಅಸೋಸಿಯೇಷನ್ನೇ 1986ರಲ್ಲಿ, ಈ ವಿಷಯಕ್ಕೆ ಮೂಲಭೂತ ಕೊಡುಗೆಗೆಂದು ಇಟ್ಟ ಪ್ರಶಸ್ತಿಯನ್ನು ಮೊಟ್ಟಮೊದಲು ಕೊಟ್ಟದ್ದು ಇದಕ್ಕೇ.

ಇಲ್ಲೊಂದು ಆಕ್ಷೇಪ ಬರುತ್ತದೆ, ಹಗುರವಾದದ್ದಲ್ಲ. ಇಂಥ ಅಂಕಿಗಳ ಸಂಶೋಧನೆಗೂ ಮುಂಚೆ ಲೆಕ್ಕಶಾಸ್ತ್ರದಲ್ಲಿ ಚಿಂತನೆಯೇ ಇರಲಿಲ್ಲವೇ? ಇತ್ತು. ಸಿಡ್ನಿಯ ರೇಮಂಡ್ ಚೇಂಬರ್ಸ್ ಅಂಥವರು ಆಸ್ತಿಗೆ ಯಾವ ಬೆಲೆ ಕಟ್ಟಬೇಕು ಎಂಬ ಪ್ರಶ್ನೆಯನ್ನು ತರ್ಕದಿಂದ ಆಳವಾಗಿ ಅಗೆದಿದ್ದರು. ಆದರೆ ಕೊಂಡ ಬೆಲೆ, ಮಾರುವ ಬೆಲೆ, ಮರುಖರೀದಿಯ ಬೆಲೆ ಎಂದು ಪಂಥಕ್ಕೊಂದು ಉತ್ತರವಿತ್ತು, ತೀರ್ಪು ಕೊಡುವವರಿರಲಿಲ್ಲ. ಷೇರುಪೇಟೆಯ ಅಂಕಿಗಳು ಬಂದಾಗ ಜನ ಅವನ್ನೇ ಪಂಚಾಯಿತಿಗೆ ಕೂರಿಸಿದರು. ರಾಚೆಸ್ಟರ್‌ನ ವಾಟ್ಸ್ ಮತ್ತು ಜಿಮರ್‌ಮನ್ 1979ರಲ್ಲಿ ಇನ್ನೂ ಮುಂದೆ ಹೋಗಿ, ಆ ಹಳೆಯ ಸಿದ್ಧಾಂತಗಳೆಲ್ಲ ಬೇಕಾದವರಿಗೆ ಬೇಕಾದ ನೆಪ ಒದಗಿಸುವ ಸಂತೆಯ ಸರಕು ಎಂದುಬಿಟ್ಟರು. ಇದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಲೆಕ್ಕ ಹೇಗಿರಬೇಕು ಎಂಬ ಪ್ರಶ್ನೆ ಅದರಿಂದ ಸಾಯಲಿಲ್ಲ. 1973ರಲ್ಲಿ ಹುಟ್ಟಿದ ಎಫ್‌ಎಎಸ್‌ಬಿಯಂಥ ನಿಯಮ ರೂಪಿಸುವ ಮಂಡಳಿಗಳ ಮೇಜಿನ ಮೇಲೆ ಇಂದಿಗೂ ಕೂತಿದೆ. ಆದರೆ ಲಿಟಲ್‌ಟನ್ ಜೋಡಿ ನಮೂದಿನ ಹುಟ್ಟನ್ನು ಹುಡುಕಿ 1933ರಲ್ಲಿ ಪ್ರಕಟಿಸಿದ ಇತಿಹಾಸದಂಥದ್ದನ್ನು ಬರೆಯುತ್ತೇನೆಂದು ಇವತ್ತು ಯಾರಾದರೂ ಅರ್ಜಿ ಹಾಕಿದರೆ ಅಮೆರಿಕದ ಮುಂಚೂಣಿಯ ವಿಭಾಗಗಳಲ್ಲಿ ಸೀಟು ಸಿಗುವುದು ಕಷ್ಟ.

ಕಸುಬಿನವರನ್ನು ಹೊರಗಿಟ್ಟರೆ ಕಸುಬೇ ಅರ್ಥವಾಗದ ಪ್ರಾಧ್ಯಾಪಕರು ತಯಾರಾಗುತ್ತಾರೆ ಎಂಬುದು ಎರಡನೆಯ ತಕರಾರು. ದೊಡ್ಡ ಆಡಿಟ್ ಸಂಸ್ಥೆಗಳೇ ಈ ಆತಂಕದಿಂದ 2008ರಲ್ಲಿ ಹಣ ಕೂಡಿಸಿ, ಆಡಿಟ್ ಮತ್ತು ತೆರಿಗೆಯಲ್ಲಿ ದುಡಿದವರನ್ನು ಪಿಎಚ್‌ಡಿಗೆ ಕಳಿಸುವ ಯೋಜನೆಯೊಂದನ್ನು ಹೂಡಿದವು. ದುಡ್ಡು ಕಸುಬಿನದು, ಆದರೆ ಹೋದವರು ಕೂತದ್ದು ಅದೇ ಮೈಕ್ರೋ ಎಕನಾಮಿಕ್ಸ್, ಎಕನಾಮೆಟ್ರಿಕ್ಸ್ ತರಗತಿಗಳಲ್ಲಿ. ಹತ್ತು ವರ್ಷದ ಅನುಭವ ಬೇಡವೆಂದು ಅಲ್ಲಿ ಯಾರೂ ಹೇಳುವುದಿಲ್ಲ; ಅದರಿಂದ ಎಂಥ ಪ್ರಶ್ನೆ ಹುಟ್ಟಿತು ಎಂದು ಕೇಳುತ್ತಾರೆ. ಆಡಿಟ್ ಮಾಡಿದವರಿಗಷ್ಟೇ ಹೊಳೆಯುವ ಪ್ರಶ್ನೆಗಳಿವೆ: ಮಾರ್ಚ್ ಕೊನೆಯ ವಾರದಲ್ಲೇ ಮಾರಾಟ ಏಕೆ ಉಬ್ಬುತ್ತದೆ, ಬಾರದ ಸಾಲವನ್ನು ವಜಾ ಹಾಕಲು ಮ್ಯಾನೇಜರು ಯಾವ ವರ್ಷದವರೆಗೆ ಕಾಯುತ್ತಾನೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ ತೂಗುವುದು ಇಂಥವು.

ಭಾರತದಲ್ಲಿ ಬಾಗಿಲು ಸ್ವಲ್ಪ ಬೇರೆ. ಬೆಂಗಳೂರಿನದೂ ಸೇರಿ ಐಐಎಂಗಳು ಡಾಕ್ಟರಲ್ ಓದಿಗೆ ಪದವಿಯ ಜತೆ ಸಿಎ ಆದವರನ್ನು ಅರ್ಹರೆಂದೇ ಎಣಿಸುತ್ತವೆ. ವಿಚಿತ್ರವೆಂದರೆ ಅಲ್ಲಿ ಓದಿದವರಿಗೆ ದಶಕಗಳ ಕಾಲ ಪಿಎಚ್‌ಡಿ ಎಂಬ ಪದವಿಯೇ ಸಿಗುತ್ತಿರಲಿಲ್ಲ, ‘ಫೆಲೊ’ ಎಂಬ ಬಿರುದು ಮಾತ್ರ. 2017ರ ಐಐಎಂ ಕಾಯ್ದೆ ಜಾರಿಗೆ ಬಂದ ಮೇಲಷ್ಟೇ ಅವು ಪದವಿ ಕೊಡತೊಡಗಿದವು.